ಮೋಡ್ ಬದಲಿಸುವ ವೆಂಟಿಲೇಟರ್‌ನ ವಿನ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವೆಂಟಿಲೇಟರ್ ವಿನ್ಯಾಸ ಮಾಡುವ ಎಂಜಿನಿಯರ್. ಬಯೋಮೆಡಿಕಲ್ ವಿದ್ಯಾರ್ಥಿಗಳು, ತಂಡಕ್ಕೆ ಹೊಸದಾಗಿ ಸೇರಿದವರು, ತರಬೇತಿಯ ಹೊತ್ತಿನಲ್ಲಿ ಐಸಿಯು ನರ್ಸುಗಳು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲ ಉತ್ತರಗಳ ಹಿಂದೆಯೂ ಒಂದೇ ನಂಬಿಕೆ ಇದೆ: ಯಂತ್ರ ಮೋಡ್ ಬದಲಿಸಿದ್ದು ರೋಗಿಯ ಎದೆಗೆ ಪೆಟ್ಟಾಗಿ ತಟ್ಟಬಾರದು, ಪಕ್ಕದಲ್ಲಿ ನಿಂತ ನರ್ಸ್‌ಗೆ ಅದು ತಿಳಿಯದೆಯೂ ಹೋಗಬಾರದು. ಈ ಪುಟ ಇರುವುದು ಯಂತ್ರ ಕಟ್ಟುವವರಿಗಾಗಿ. ಚಿಕಿತ್ಸೆಯ ಪ್ರಶ್ನೆಗಳನ್ನು ವೈದ್ಯರಲ್ಲೇ ಕೇಳಬೇಕು.

ಮೋಡ್ ಎಂದರೆ ನಿಜವಾಗಿ ಏನು?

ಮೂರು ಪ್ರಶ್ನೆಗಳಿಗೆ ಯಂತ್ರ ಕೊಡುವ ಉತ್ತರವೇ ಮೋಡ್. ಉಸಿರನ್ನು ಯಾರು ಶುರು ಮಾಡುತ್ತಾರೆ, ರೋಗಿಯೋ ಯಂತ್ರವೋ? ಉಸಿರು ಒಳಗೆ ಹೋಗುವಾಗ ಯಂತ್ರ ಯಾವುದನ್ನು ಹಿಡಿತದಲ್ಲಿಟ್ಟುಕೊಳ್ಳುತ್ತದೆ, ಗಾಳಿಯ ಒತ್ತಡವನ್ನೋ ಪ್ರಮಾಣವನ್ನೋ? ಉಸಿರನ್ನು ಯಾರು ಮುಗಿಸುತ್ತಾರೆ? ವಾಲ್ಯೂಮ್ ಕಂಟ್ರೋಲ್‌ನಲ್ಲಿ ಇಷ್ಟು ಮಿಲಿಲೀಟರ್ ಎಂದು ಹೇಳುತ್ತೇವೆ, ಒತ್ತಡ ಎಷ್ಟಾಗುತ್ತದೋ ಆಗಲಿ ಎಂದು ಬಿಡುತ್ತೇವೆ. ಪ್ರೆಶರ್ ಕಂಟ್ರೋಲ್‌ನಲ್ಲಿ ಒತ್ತಡವನ್ನು ನಿಗದಿ ಮಾಡುತ್ತೇವೆ. ಎಷ್ಟು ಗಾಳಿ ಹೋಗಬೇಕೆಂಬುದನ್ನು ಶ್ವಾಸಕೋಶ ತೀರ್ಮಾನಿಸುತ್ತದೆ. ಪ್ರೆಶರ್ ಸಪೋರ್ಟ್‌ನಲ್ಲಿ ಶುರು ಮಾಡುವವರೂ ಮುಗಿಸುವವರೂ ರೋಗಿಯೇ, ಯಂತ್ರ ಹೆಗಲು ಕೊಡುತ್ತದೆ ಅಷ್ಟೆ. ಸಿಪ್ಯಾಪ್‌ನಲ್ಲಿ ಒಂದೇ ಒತ್ತಡ ನಿರಂತರವಾಗಿ ಇರುತ್ತದೆ, ಉಸಿರಾಟದ ದುಡಿಮೆಯೆಲ್ಲ ರೋಗಿಯದು.

ಒಂದೇ ಮೋಡ್ ಇದ್ದರೆ ಸಾಲದೇ?

ಸಾಲದು, ಏಕೆಂದರೆ ರೋಗಿ ಒಂದೇ ಸ್ಥಿತಿಯಲ್ಲಿ ಇರುವುದಿಲ್ಲ. ಮೊದಲ ದಿನ ಮಂಪರಿನ ಔಷಧಿಯಲ್ಲಿ ಮಲಗಿದವರಿಗೆ ಪ್ರತಿ ಉಸಿರನ್ನೂ ಯಂತ್ರವೇ ಕೊಡಬೇಕು. ಮೂರನೆಯ ದಿನ ಅವರು ತಾವಾಗಿ ಎಳೆಯಲು ತೊಡಗಿದಾಗಲೂ ಯಂತ್ರ ತನ್ನ ಲೆಕ್ಕದಲ್ಲೇ ತಳ್ಳುತ್ತಿದ್ದರೆ ಇಬ್ಬರ ನಡುವೆ ಜಗ್ಗಾಟ ಶುರುವಾಗುತ್ತದೆ. ಎಲ್ಲವನ್ನೂ ಯಂತ್ರವೇ ಮಾಡುತ್ತಾ ಹೋದರೆ ಉಸಿರೆಳೆಯುವ ಮುಖ್ಯ ಸ್ನಾಯುವಾದ ವಪೆ ಸೊರಗುತ್ತದೆ, ಯಂತ್ರ ಬಿಡಿಸುವುದು ಕಷ್ಟವಾಗುತ್ತದೆ.

ಇಲ್ಲಿ ಒಂದು ಹಳೆಯ ಕಥೆ ನನಗೆ ತುಂಬ ಪ್ರಿಯ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಉಸಿರು ನಿಂತುಹೋಗುತ್ತಿದ್ದ ರೋಗಿಗಳಿಗೆ ಸಾಕಾಗುವಷ್ಟು ಯಂತ್ರಗಳು ಇರಲಿಲ್ಲ. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಗಂಟಲಿಗೆ ರಂಧ್ರ ಮಾಡಿ, ನಳಿಕೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಹಿಸುಕಿ ಉಸಿರು ಕೊಡುವ ದಾರಿ ತೋರಿಸಿದರು. ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿಯೂ ಕುಳಿತು ಚೀಲ ಹಿಸುಕಿದರು. ಆ ಕೈಗಳನ್ನು ನಾನು ಮೋಡ್ ಬದಲಿಸಿದ ಮೊದಲ ವೆಂಟಿಲೇಟರ್ ಎಂದೇ ಎಣಿಸುತ್ತೇನೆ. ರೋಗಿ ತಾನೇ ಎಳೆದರೆ ಚೀಲ ಬೆರಳಿಗೆ ಹಗುರವಾಗುತ್ತದೆ, ಕಫ ಕಟ್ಟಿದರೆ ಬಿಗಿಯಾಗುತ್ತದೆ, ಕೈ ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆ. ಸ್ವೀಡನ್ನಿನಲ್ಲಿ 1971ರಲ್ಲಿ ಬಂದ ಸರ್ವೊ 900 ಎಂಬ ಯಂತ್ರ ಗಾಳಿಯ ಹರಿವು, ಒತ್ತಡ ಎರಡನ್ನೂ ಅಳೆದು ತನ್ನನ್ನು ತಾನೇ ತಿದ್ದಿಕೊಳ್ಳಲು ಕಲಿಯಿತು. ನಮ್ಮ ಕೆಲಸವೆಲ್ಲ ಆ ಬೆರಳುಗಳ ಸ್ಪರ್ಶವನ್ನು ಸೆಂಸರ್ ಮತ್ತು ಕವಾಟಗಳಿಗೆ ಕಲಿಸುವುದೇ ಆಗಿದೆ.

ಗುಂಡಿ ಒತ್ತಿದ ಕೂಡಲೇ ಮೋಡ್ ಬದಲಾಗಬೇಕೇ?

ಬೇಡ. ಉಸಿರಿನ ಗಡಿಯಲ್ಲಿ ಬದಲಾಗಬೇಕು. ನಿಮಿಷಕ್ಕೆ 15 ಉಸಿರು ಎಂದುಕೊಳ್ಳಿ: ಒಂದು ಉಸಿರಿಗೆ 4 ಸೆಕೆಂಡ್, ಅದರಲ್ಲಿ ಒಳಗೆಳೆಯುವುದು ಸುಮಾರು ಒಂದು ಸೆಕೆಂಡ್. ಗಾಳಿ ಒಳಗೆ ಹೋಗುತ್ತಿರುವ ಆ ಒಂದು ಸೆಕೆಂಡಿನ ನಡುವೆ ನಿಯಮ ಬದಲಿಸಿದರೆ ಅರ್ಧ ಉಸಿರು ಒಂದು ಮೋಡಿನದು, ಉಳಿದರ್ಧ ಇನ್ನೊಂದರದು ಆಗುತ್ತದೆ. ಎಷ್ಟು ಗಾಳಿ ಹೋಯಿತು ಎಂಬ ಲೆಕ್ಕವೂ ತಪ್ಪುತ್ತದೆ. ಆದ್ದರಿಂದ ಹೊಸ ಮೋಡನ್ನು ಸಾಲಿನಲ್ಲಿ ನಿಲ್ಲಿಸಿಕೊಂಡು, ರೋಗಿ ಗಾಳಿ ಹೊರಬಿಟ್ಟು ಮುಗಿಸಿದ ಮೇಲೆ, ಮುಂದಿನ ಉಸಿರಿನಿಂದ ಜಾರಿಗೆ ತರಬೇಕು. ಹೆಚ್ಚೆಂದರೆ ಆ 4 ಸೆಕೆಂಡ್ ಕಾಯುವುದಾಗುತ್ತದೆ.

ಇದಕ್ಕೆ ಒಂದೇ ಒಂದು ವಿನಾಯಿತಿ ಇದೆ. ಒತ್ತಡ ಮಿತಿ ಮೀರಿದರೆ ಗಡಿಗಾಗಿ ಕಾಯುವಂತಿಲ್ಲ. ಉಸಿರಿನ ಯಾವ ಹಂತದಲ್ಲಿದ್ದರೂ ಹೊರಬಿಡುವ ಕವಾಟ ಆ ಕ್ಷಣವೇ ತೆರೆಯಬೇಕು. ಈ ದಾರಿಯನ್ನು ಮೋಡ್‌ಗಳ ತಂತ್ರಾಂಶದಿಂದ ಬೇರೆಯಾಗಿ ಇಡಿ. ಒಳ್ಳೆಯ ಯಂತ್ರಗಳಲ್ಲಿ ಅದು ತಂತ್ರಾಂಶವನ್ನು ನಂಬದ ಯಾಂತ್ರಿಕ ಕವಾಟವಾಗಿಯೂ ಇರುತ್ತದೆ.

ಬದಲಿಸಿದ ಮೊದಲ ಉಸಿರಿನಲ್ಲಿ ಒತ್ತಡ ಜಿಗಿಯುತ್ತದೆ, ಏಕೆ?

ನಮ್ಮ ತಂಡವೂ ಈ ತಪ್ಪನ್ನು ಮಾಡಿದೆ. ಪರೀಕ್ಷೆಯ ಕೃತಕ ಶ್ವಾಸಕೋಶದ ಮೇಲೆ ಎಲ್ಲ ಮೋಡ್‌ಗಳೂ ಬೇರೆ ಬೇರೆಯಾಗಿ ಸೊಗಸಾಗಿ ನಡೆಯುತ್ತಿದ್ದವು. ಒಂದರಿಂದ ಇನ್ನೊಂದಕ್ಕೆ ಹೋದಾಗ ಮಾತ್ರ ಮೊದಲ ಉಸಿರಿನಲ್ಲಿ ಗೆರೆ ಚಿಮ್ಮುತ್ತಿತ್ತು, ಎರಡನೆಯದರಲ್ಲಿ ಸರಿಹೋಗುತ್ತಿತ್ತು. "ಒಂದೇ ಉಸಿರಲ್ಲವೇ" ಎಂದು ಯಾರೋ ಅಂದರು. ಆ ಒಂದು ಉಸಿರು ಸೋತ ಶ್ವಾಸಕೋಶಕ್ಕೆ ಬೀಳುವ ಪೆಟ್ಟು ಎಂಬುದನ್ನು ನಾವು ಮರೆಯುವಂತಿರಲಿಲ್ಲ.

ಕಾರಣ ನಿಯಂತ್ರಕದ ನೆನಪು. ಗುರಿಗೂ ಅಳತೆಗೂ ಇರುವ ಅಂತರವನ್ನು, ಅಂದರೆ ದೋಷವನ್ನು, ನೋಡಿ ಕವಾಟವನ್ನು ತಿದ್ದುವ ಪಿಐಡಿ ನಿಯಂತ್ರಕದಲ್ಲಿ ಹಿಂದಿನ ದೋಷಗಳನ್ನು ಕೂಡಿಸುತ್ತಾ ಹೋಗುವ ಇಂಟಿಗ್ರೇಟರ್ ಇರುತ್ತದೆ. ವಾಲ್ಯೂಮ್ ಮೋಡ್ ಓಡುತ್ತಿರುವಾಗ ಪಕ್ಕದಲ್ಲಿ ಸುಮ್ಮನೆ ಕುಳಿತ ಒತ್ತಡದ ನಿಯಂತ್ರಕ ತನಗೆ ಸಂಬಂಧವಿಲ್ಲದ ದೋಷವನ್ನು ಕೂಡಿಟ್ಟುಕೊಳ್ಳುತ್ತಲೇ ಇರುತ್ತದೆ. ಅದರ ಕೈಗೆ ಕವಾಟ ಸಿಕ್ಕ ಕೂಡಲೇ ಕೂಡಿಟ್ಟದ್ದನ್ನೆಲ್ಲ ಒಮ್ಮೆಗೇ ಸುರಿಯುತ್ತದೆ. ಪರಿಹಾರ ಹಳೆಯದು, ಕಾರ್ಖಾನೆಗಳ ನಿಯಂತ್ರಣ ವ್ಯವಸ್ಥೆಗಳಲ್ಲಿ ದಶಕಗಳಿಂದ ಇರುವಂಥದ್ದು: ಕೆಲಸವಿಲ್ಲದ ನಿಯಂತ್ರಕದ ಇಂಟಿಗ್ರೇಟರನ್ನು ತಡೆದಿಡಿ, ಅಧಿಕಾರ ವಹಿಸುವ ಕ್ಷಣದಲ್ಲಿ ಕವಾಟ ಅಥವಾ ಬ್ಲೋವರ್ (ಗಾಳಿ ಊದುವ ಫ್ಯಾನ್) ಈಗ ಯಾವ ಮಟ್ಟದಲ್ಲಿದೆಯೋ ಅದೇ ಮಟ್ಟದಿಂದ ಶುರುವಾಗುವಂತೆ ಅದರ ಆರಂಭಿಕ ಬೆಲೆಯನ್ನು ತುಂಬಿ. ಗುರಿಯ ಒತ್ತಡಕ್ಕೆ ನೇರವಾಗಿ ಜಿಗಿಯದೆ ಇಳಿಜಾರಿನಂತೆ ಏರಿಸಿ. ಇಷ್ಟು ಮಾಡಿದರೆ ಚಿಮ್ಮುವಿಕೆ ಬಹುಪಾಲು ನಿಲ್ಲುತ್ತದೆ.

ಹಳೆಯ ಸೆಟ್ಟಿಂಗ್‌ಗಳನ್ನು ಹೊಸ ಮೋಡ್‌ಗೆ ಹಾಗೆಯೇ ಒಯ್ಯಬಹುದೇ?

ಕೆಲವನ್ನು ಒಯ್ಯಬೇಕು, ಕೆಲವನ್ನು ಎಂದಿಗೂ ಒಯ್ಯಬಾರದು. ಆಮ್ಲಜನಕದ ಶೇಕಡಾವಾರು ಮತ್ತು ಉಸಿರು ಹೊರಬಿಟ್ಟ ಮೇಲೂ ಉಳಿಯಬೇಕಾದ ಒತ್ತಡ, ಅಂದರೆ ಪೀಪ್, ಎಲ್ಲ ಮೋಡ್‌ಗಳಿಗೂ ಸಮಾನ. ಇವು ಬದಲಾಗದೆ ಸಾಗಬೇಕು. ಕಷ್ಟ ಇರುವುದು ಪ್ರಮಾಣ ಮತ್ತು ಒತ್ತಡಗಳ ನಡುವೆ.

ಒಂದು ಲೆಕ್ಕ ನೋಡಿ. 165 ಸೆಂಟಿಮೀಟರ್ ಎತ್ತರದ ಪುರುಷ. ವೆಂಟಿಲೇಟರ್ ಲೆಕ್ಕಕ್ಕೆ ಬಳಸುವುದು ತಕ್ಕಡಿಯ ತೂಕವನ್ನಲ್ಲ, ಎತ್ತರದಿಂದ ಬರುವ ತೂಕವನ್ನು. ಮೈ ದಪ್ಪವಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಪುರುಷರಿಗೆ 50 ಕಿಲೋಗೆ, ಎತ್ತರದಲ್ಲಿ 152.4 ಕಳೆದು 0.91ರಿಂದ ಗುಣಿಸಿದ್ದನ್ನು ಕೂಡಬೇಕು. (ಮಹಿಳೆಯರಿಗೆ 50ರ ಬದಲು 45.5.) ಇವರಿಗೆ ಸುಮಾರು 61.5 ಕಿಲೋ ಬರುತ್ತದೆ. ವಾಲ್ಯೂಮ್ ಕಂಟ್ರೋಲ್‌ನಲ್ಲಿ 400 ಮಿಲಿಲೀಟರ್ ಕೊಡುತ್ತಿದ್ದೇವೆ, ಅಂದರೆ ಕಿಲೋಗೆ 6.5. ಪೀಪ್ 5, ಉಸಿರು ತುಂಬಿ ನಿಂತಾಗಿನ ಒತ್ತಡ 18 ಸೆಂಟಿಮೀಟರ್ ನೀರು (ವೆಂಟಿಲೇಟರ್‌ನ ಒತ್ತಡವನ್ನು ಹೇಳುವ ಅಳತೆ ಇದು). ವ್ಯತ್ಯಾಸ 13. ಹಾಗಾದರೆ ಪ್ರತಿ ಸೆಂಟಿಮೀಟರ್ ಒತ್ತಡಕ್ಕೆ ಈ ಶ್ವಾಸಕೋಶ ಸುಮಾರು 31 ಮಿಲಿಲೀಟರ್ ತುಂಬಿಕೊಳ್ಳುತ್ತದೆ.

ಈಗ ಪ್ರೆಶರ್ ಕಂಟ್ರೋಲ್‌ಗೆ ಬದಲಿಸುತ್ತೀರಿ. ಯಂತ್ರದ ನೆನಪಿನಲ್ಲಿ ಹಿಂದಿನ ರೋಗಿಗೆ ಪೀಪ್‌ನ ಮೇಲೆ ಇಟ್ಟಿದ್ದ 25 ಹಾಗೆಯೇ ಉಳಿದಿದ್ದರೆ? 25ಕ್ಕೆ 31ರಂತೆ 770 ಮಿಲಿಲೀಟರಿಗೂ ಹೆಚ್ಚು ಗಾಳಿ ಒಳಗೆ ಹೋಗುತ್ತದೆ. ಕಿಲೋಗೆ 12 ಮಿಲಿಲೀಟರ್ ದಾಟಿತು. 2000ದಲ್ಲಿ ಪ್ರಕಟವಾದ ಎಆರ್‌ಡಿಎಸ್ ನೆಟ್‌ವರ್ಕಿನ ಅಧ್ಯಯನ ಎಆರ್‌ಡಿಎಸ್ ಎಂಬ ತೀವ್ರ ಶ್ವಾಸಕೋಶ ವೈಫಲ್ಯದ 861 ರೋಗಿಗಳಲ್ಲಿ ಕಿಲೋಗೆ 6 ಮತ್ತು 12 ಮಿಲಿಲೀಟರನ್ನು ಹೋಲಿಸಿತ್ತು. 12ರ ಗುಂಪಿನಲ್ಲಿ ಶೇ. 39.8 ಮಂದಿ ಸತ್ತರು, 6ರ ಗುಂಪಿನಲ್ಲಿ ಶೇ. 31. ಮೆಮೊರಿಯಲ್ಲಿ ಉಳಿದುಬಿಟ್ಟ ಒಂದು ಅಂಕಿ ರೋಗಿಯನ್ನು ಆ ಬದಿಗೆ ತಳ್ಳಬಲ್ಲದು.

ಆದ್ದರಿಂದ ನನ್ನ ನಿಯಮ ಹೀಗಿದೆ: ರೋಗಿ ಬದಲಾದರೆ ಮೆಮೊರಿ ಖಾಲಿಯಾಗಬೇಕು. ಒಬ್ಬರೇ ರೋಗಿಗೆ ಮೋಡ್ ಬದಲಾಗುತ್ತಿದ್ದರೆ ಯಂತ್ರ ತಾನು ಅಳೆದಿರುವ ಅಂಕಿಗಳಿಂದ ಸಲಹೆ ಕೊಡಬೇಕು, ಇಲ್ಲಿ ಪೀಪ್‌ನ ಮೇಲೆ 13 ಎಂದು. ಆ ಸಲಹೆ ಮನುಷ್ಯರೊಬ್ಬರು ನೋಡಿ ಒಪ್ಪಿದ ಮೇಲಷ್ಟೇ ಜಾರಿಯಾಗಬೇಕು. "ಪೀಪ್‌ನ ಮೇಲೆ" ಎಂಬ ಮಾತನ್ನು ಪರದೆಯ ಮೇಲೆ ಬರೆಯಲು ಮರೆಯಬೇಡಿ. ಕೆಲವು ಯಂತ್ರಗಳಲ್ಲಿ ಒತ್ತಡವನ್ನು ಪೀಪ್‌ನ ಮೇಲಿನಿಂದ ಎಣಿಸುತ್ತಾರೆ, ಕೆಲವುಗಳಲ್ಲಿ ಸೊನ್ನೆಯಿಂದ. ಒಂದೇ ಐಸಿಯುವಿನಲ್ಲಿ ಎರಡೂ ಬಗೆಯ ಯಂತ್ರಗಳಿದ್ದರೆ ಐದು ಸೆಂಟಿಮೀಟರಿನ ತಪ್ಪು ಸುಲಭವಾಗಿ ಆಗುತ್ತದೆ.

ಅಲಾರಂಗಳನ್ನೂ ಬದಲಿಸಬೇಕೇ?

ಖಂಡಿತ. ನಳಿಕೆಯಲ್ಲಿ ಕಫ ಕಟ್ಟಿತು ಎಂದುಕೊಳ್ಳಿ. ವಾಲ್ಯೂಮ್ ಕಂಟ್ರೋಲ್‌ನಲ್ಲಿ ಒತ್ತಡ ಏರುತ್ತದೆ, ಹೆಚ್ಚಿನ ಒತ್ತಡದ ಅಲಾರಂ ಕೂಗುತ್ತದೆ. ಅದೇ ಕಫ ಪ್ರೆಶರ್ ಕಂಟ್ರೋಲ್‌ನಲ್ಲಿ ಒತ್ತಡವನ್ನು ಒಂದಿಷ್ಟೂ ಏರಿಸುವುದಿಲ್ಲ. ಒಳಗೆ ಹೋಗುವ ಗಾಳಿ ಸದ್ದಿಲ್ಲದೆ ಕಡಿಮೆಯಾಗುತ್ತದೆ. ಅಲ್ಲಿ ಕಾವಲು ಕಾಯಬೇಕಾದದ್ದು ಕಡಿಮೆ ಪ್ರಮಾಣದ ಅಲಾರಂ. ಮೋಡ್ ಬದಲಾದಾಗ ಆ ಅಲಾರಂ ಆಫ್ ಆಗಿದ್ದರೆ ಅಥವಾ ಅದರ ಮಿತಿ ತೀರ ಕೆಳಗಿದ್ದರೆ ಅಪಾಯ ಸದ್ದು ಮಾಡದೆ ಬರುತ್ತದೆ. ಹೊಸ ಮೋಡನ್ನು ಒಪ್ಪುವ ಪರದೆಯಲ್ಲೇ ಅದಕ್ಕೆ ಮುಖ್ಯವಾದ ಅಲಾರಂ ಮಿತಿಗಳನ್ನೂ ತೋರಿಸಿ. ಬೇರೆ ಪುಟದಲ್ಲಿಟ್ಟರೆ ಯಾರೂ ಅಲ್ಲಿಗೆ ಹೋಗುವುದಿಲ್ಲ.

ರೋಗಿ ತಾನಾಗಿ ಉಸಿರಾಡುವ ಮೋಡ್‌ನಲ್ಲಿದ್ದು ಉಸಿರು ನಿಲ್ಲಿಸಿದರೆ?

ಆಗ ಯಂತ್ರ ಯಾರನ್ನೂ ಕೇಳದೆ ಬದಲಾಗಬೇಕು. ಇದನ್ನು ಬ್ಯಾಕಪ್ ವೆಂಟಿಲೇಶನ್ ಎನ್ನುತ್ತಾರೆ. ವಯಸ್ಕರ ಬಹಳಷ್ಟು ಯಂತ್ರಗಳಲ್ಲಿ 20 ಸೆಕೆಂಡ್ ಉಸಿರು ಕಾಣದಿದ್ದರೆ ಅಲಾರಂ ಕೂಗಿ, ನಿಗದಿತ ದರದಲ್ಲಿ ಉಸಿರು ಕೊಡುವುದು ಶುರುವಾಗುತ್ತದೆ.

ಹೋಗುವುದು ಸುಲಭ, ಮರಳುವುದು ಕಷ್ಟ. ರೋಗಿ ಒಮ್ಮೆ ಎಳೆದ ಕೂಡಲೇ ಹಳೆಯ ಮೋಡ್‌ಗೆ ಮರಳಿ, ಮತ್ತೆ ಉಸಿರು ನಿಂತು, ಮತ್ತೆ ಬ್ಯಾಕಪ್‌ಗೆ ಹೋಗಿ ಯಂತ್ರ ಹೊಯ್ದಾಡುತ್ತಿದ್ದರೆ ಪ್ರತಿ ಸುತ್ತಿನಲ್ಲೂ 20 ಸೆಕೆಂಡ್ ಉಸಿರಿಲ್ಲದ ಹೊತ್ತು ಸೇರುತ್ತದೆ. ಮರಳುವ ಷರತ್ತು ಹೋಗುವ ಷರತ್ತಿಗಿಂತ ಬಿಗಿಯಾಗಿರಲಿ. ಒಂದರ ಹಿಂದೆ ಒಂದು ಕೆಲವು ಉಸಿರುಗಳನ್ನು ರೋಗಿಯೇ ಶುರು ಮಾಡಿದ್ದಾರೆ ಎಂದು ಖಚಿತವಾಗಬೇಕು, ಇಲ್ಲವೇ ನರ್ಸ್ ಬಂದು ನೋಡಿ ಮರಳಿಸಬೇಕು. ನನಗೆ ಎರಡನೆಯದೇ ಇಷ್ಟ.

ಇನ್ನೊಂದು ಮೋಸವಿದೆ. ಕೊಳವೆಯಲ್ಲಿ ನಿಂತ ನೀರು ಅಲುಗಾಡಿದರೆ, ಹೃದಯದ ಬಡಿತ ಗಾಳಿಯನ್ನು ಕದಲಿಸಿದರೆ, ರೋಗಿ ಎಳೆದದ್ದನ್ನು ಗುರುತಿಸಲು ಸೂಕ್ಷ್ಮವಾಗಿ ಇಟ್ಟ ಟ್ರಿಗರ್ ಅದನ್ನೇ ರೋಗಿಯ ಉಸಿರು ಎಂದು ತಿಳಿಯುತ್ತದೆ. ಉಸಿರೇ ಇಲ್ಲದ ರೋಗಿ ಪರದೆಯ ಮೇಲೆ ಉಸಿರಾಡುತ್ತಿರುವಂತೆ ಕಾಣುತ್ತದೆ, ಬ್ಯಾಕಪ್ ಬರುವುದೇ ಇಲ್ಲ.

ಮಾಸ್ಕ್ ಮತ್ತು ನಳಿಕೆ, ಎರಡಕ್ಕೂ ಒಂದೇ ಯಂತ್ರ ಸಾಧ್ಯವೇ?

ಸಾಧ್ಯ, ಈಗಿನ ಹೆಚ್ಚಿನ ಯಂತ್ರಗಳು ಹಾಗೆಯೇ ಇವೆ. ಆದರೆ ಇದು ಉಳಿದ ಮೋಡ್ ಬದಲಾವಣೆಗಳಂತಲ್ಲ. ಮಾಸ್ಕ್‌ನ ಅಂಚಿನಿಂದ ಗಾಳಿ ಸೋರುವುದು ಸಹಜ. ಯಂತ್ರ ಅದನ್ನು ಸಹಿಸಿ, ತುಂಬಿ ಕೊಡಬೇಕು. ನಳಿಕೆ ಹಾಕಿದ ರೋಗಿಯಲ್ಲಿ ಅದೇ ಸೋರಿಕೆ ಕೊಳವೆ ಕಳಚಿದೆ ಎಂಬುದರ ಮೊದಲ ಸುಳಿವು. ನಳಿಕೆಯ ರೋಗಿಗೆ ತಪ್ಪಿ ಮಾಸ್ಕ್ ಮೋಡ್ ಹಾಕಿದರೆ ಕೊಳವೆ ಕಳಚಿದ್ದನ್ನೂ ಯಂತ್ರ ಸಣ್ಣ ಸೋರಿಕೆಯೆಂದು ಸಹಿಸಿಕೊಂಡು ಕೂರಬಹುದು. ಹಾಗಾಗಿ ಈ ಎರಡರ ನಡುವಿನ ಬದಲಾವಣೆ ಚಾಲನೆಯಲ್ಲಿರುವಾಗ ಒಂದೇ ಗುಂಡಿಯಲ್ಲಿ ಆಗಕೂಡದು. ಸ್ಟ್ಯಾಂಡ್‌ಬೈಗೆ ಹೋಗಿ, ಕೊಳವೆಯ ಬಗೆ ಆರಿಸಿ, ಸೋರಿಕೆ ಪರೀಕ್ಷೆ ಮಾಡಿ, ಆಮೇಲೆ ಶುರುವಾಗಲಿ.

ಸೋರಿಕೆ ಇನ್ನೊಂದು ತೊಂದರೆಯನ್ನೂ ತರುತ್ತದೆ. ಪ್ರೆಶರ್ ಸಪೋರ್ಟ್‌ನಲ್ಲಿ ಗಾಳಿಯ ಹರಿವು ಗರಿಷ್ಠದ ಶೇ. 25ಕ್ಕೆ ಇಳಿದಾಗ ಉಸಿರು ಮುಗಿಯಿತು ಎಂದು ಯಂತ್ರ ಸಾಮಾನ್ಯವಾಗಿ ತೀರ್ಮಾನಿಸುತ್ತದೆ. ಮಾಸ್ಕ್ ಜೋರಾಗಿ ಸೋರುತ್ತಿದ್ದರೆ ಹರಿವು ಅಷ್ಟು ಇಳಿಯುವುದೇ ಇಲ್ಲ. ರೋಗಿ ಹೊರಬಿಡಲು ಒದ್ದಾಡುತ್ತಿರುತ್ತಾರೆ, ಯಂತ್ರ ತಳ್ಳುತ್ತಲೇ ಇರುತ್ತದೆ. ಮಾಸ್ಕ್ ಮೋಡ್‌ನಲ್ಲಿ ಉಸಿರಿಗೆ ಗರಿಷ್ಠ ಅವಧಿಯ ಬೀಗ ಇರಲೇಬೇಕು.

ಒಂದೇ ಕೊಳವೆಯ ವ್ಯವಸ್ಥೆಯಲ್ಲಿ ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಹೋಗುವುದು ಮಾಸ್ಕ್ ಅಥವಾ ಕೊಳವೆಯಲ್ಲಿರುವ ಸಣ್ಣ ರಂಧ್ರದಿಂದ. ಅದನ್ನು ತಳ್ಳಿ ಹೊರಹಾಕಲು ನಿರಂತರ ಒತ್ತಡ ಬೇಕು. ಇಂಥ ಯಂತ್ರಗಳಲ್ಲಿ ಕೆಳಗಿನ ಒತ್ತಡವನ್ನು ಸಾಮಾನ್ಯವಾಗಿ 4 ಸೆಂಟಿಮೀಟರಿಗಿಂತ ಇಳಿಸಲು ಬಿಡದಿರುವುದು ಇದಕ್ಕಾಗಿಯೇ.

ಬೈಪ್ಯಾಪ್ ಎಂದರೆ ಯಾವುದು? ಪ್ರತಿ ಯಂತ್ರದಲ್ಲೂ ಬೇರೆಯಾಗಿ ಕಾಣುತ್ತದೆ.

ನಿಮ್ಮ ಗೊಂದಲ ನ್ಯಾಯವಾದದ್ದು. ಮಾಸ್ಕ್ ಮೂಲಕ ಎರಡು ಮಟ್ಟದ ಒತ್ತಡ ಕೊಡುವ ಯಂತ್ರಕ್ಕೆ ನಾವೆಲ್ಲ ಬೈಪ್ಯಾಪ್ ಎನ್ನುತ್ತೇವೆ. ಅದು ಮೂಲತಃ ಒಂದು ಕಂಪನಿಯ ವ್ಯಾಪಾರ ಹೆಸರು. ಜರ್ಮನಿಯ ಮತ್ತೊಂದು ಕಂಪನಿಯ ಐಸಿಯು ಯಂತ್ರಗಳಲ್ಲಿ ಅವೇ ಅಕ್ಷರಗಳು ಬೇರೊಂದು ಮೋಡನ್ನು ಸೂಚಿಸುತ್ತವೆ. ಈ ಗೋಜಲನ್ನು ಬಿಡಿಸಲು 2019ರಲ್ಲಿ ಐಎಸ್‌ಓ 19223 ಎಂಬ ಪದಕೋಶದ ಮಾನದಂಡ ಬಂತು. ಹೊಸ ಯಂತ್ರ ಮಾಡುವವರು ಅದನ್ನು ಓದಿ, ಚಂದದ ಹೊಸ ಹೆಸರು ಕಟ್ಟುವ ಆಸೆಯನ್ನು ಬಿಡಬೇಕು.

ಪರದೆಯ ವಿನ್ಯಾಸಕ್ಕೆ ಇಷ್ಟು ಮಹತ್ವ ಏಕೆ?

ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯನ್ನು ನೋಡುತ್ತಾ ಕುಳಿತಿದ್ದೆ. ನರ್ಸ್ ಒಬ್ಬರು ಹೊಸ ಮೋಡನ್ನು ಮುಟ್ಟಿದರು, ಗುಂಡಿ ಹಳದಿಯಾಯಿತು. ಅಷ್ಟರಲ್ಲಿ ಪಕ್ಕದ ಹಾಸಿಗೆಯ ಅಲಾರಂ ಕೂಗಿತು, ಅವರು ಓಡಿದರು. ದೃಢೀಕರಿಸದ ಕಾರಣ ಕೆಲವು ಸೆಕೆಂಡುಗಳ ನಂತರ ಯಂತ್ರ ಏನೂ ಹೇಳದೆ ಹಳೆಯ ಮೋಡ್‌ಗೇ ಮರಳಿತು. ಅವರು ಬಂದು ದಾಖಲೆ ಪುಸ್ತಕದಲ್ಲಿ ಹೊಸ ಮೋಡ್ ಎಂದು ಬರೆದರು. ಸ್ವಲ್ಪ ಹೊತ್ತಿನಲ್ಲಿ ಬಂದ ವೈದ್ಯರ ಕಣ್ಣಿಗೆ ಅದು ಬಿತ್ತು, ಕೇಡೇನೂ ಆಗಲಿಲ್ಲ. ಆ ನರ್ಸ್ ತಪ್ಪು ಮಾಡಿದರೆಂದು ನಾನು ಒಪ್ಪುವುದಿಲ್ಲ. ಮರಳಿದ್ದನ್ನು ಹೇಳದೆ ಮರಳಿದ್ದು ಯಂತ್ರದ ತಪ್ಪು.

ಅಂದಿನಿಂದ ನಮ್ಮ ವಿನ್ಯಾಸದಲ್ಲಿ ದೃಢೀಕರಿಸದೆ ರದ್ದಾದ ಬದಲಾವಣೆ ಒಂದು ಧ್ವನಿಯನ್ನೂ, ಮುಟ್ಟಿ ತೆಗೆಯುವವರೆಗೆ ಉಳಿಯುವ ಸಂದೇಶವನ್ನೂ ಬಿಟ್ಟುಹೋಗುತ್ತದೆ. ಈಗ ನಡೆಯುತ್ತಿರುವ ಮೋಡಿನ ಹೆಸರು ಹಾಸಿಗೆಯ ಇನ್ನೊಂದು ತುದಿಯಿಂದ ಓದುವಷ್ಟು ದೊಡ್ಡದಾಗಿರುತ್ತದೆ. ಮನೆಯಲ್ಲಿ ಬಳಸುವ ಯಂತ್ರಗಳಲ್ಲಿ ಅಲಾರಂ ಸಂದೇಶ ಕನ್ನಡದಲ್ಲೂ ಇರಬೇಕು ಎಂದು ನಾನು ಪ್ರತಿ ಸಭೆಯಲ್ಲೂ ವಾದಿಸುತ್ತೇನೆ. ನಡುರಾತ್ರಿ ಎರಡು ಗಂಟೆಗೆ ಅದನ್ನು ಓದುವವರು ರೋಗಿಯ ಹೆಂಡತಿಯೋ ಮಗನೋ ಆಗಿರುತ್ತಾರೆ.

ಯಂತ್ರವೇ ಎಲ್ಲವನ್ನೂ ತೀರ್ಮಾನಿಸಿ ಮೋಡ್ ಬದಲಿಸಿದರೆ ಒಳ್ಳೆಯದಲ್ಲವೇ?

ಆ ದಾರಿಯಲ್ಲಿ ಬಹಳ ಕೆಲಸ ಆಗಿದೆ. ಉಸಿರಾಟದ ದುಡಿಮೆ ಅತಿ ಕಡಿಮೆ ಆಗುವ ದರವನ್ನು 1950ರಲ್ಲಿ ಓಟಿಸ್ ಮತ್ತು ಸಂಗಡಿಗರು ಗಣಿತದಲ್ಲಿ ಹೇಳಿದರು. ಅದನ್ನೇ ಬಳಸಿ ದರ ಮತ್ತು ಪ್ರಮಾಣವನ್ನು ತಾವೇ ಹೊಂದಿಸಿಕೊಳ್ಳುವ ಯಂತ್ರಗಳು ಇಂದು ಐಸಿಯುಗಳಲ್ಲಿವೆ. ಅವುಗಳ ಬಗ್ಗೆ ನನಗೆ ಗೌರವವಿದೆ.

ಆದರೂ 2015ರ ಸರ್ವ್-ಎಚ್‌ಎಫ್ ಅಧ್ಯಯನವನ್ನು ಈ ಕ್ಷೇತ್ರದವರೆಲ್ಲ ಓದಬೇಕು. ಹೃದಯದ ಪಂಪು ದುರ್ಬಲವಾಗಿ, ನಿದ್ದೆಯಲ್ಲಿ ಮಿದುಳಿನ ಸೂಚನೆ ತಪ್ಪಿ ಉಸಿರು ನಿಲ್ಲುವವರಿಗೆ ಉಸಿರು ಉಸಿರಿಗೂ ಹೊಂದಿಕೊಳ್ಳುವ ಯಂತ್ರ ಕೊಟ್ಟರು. ಉಸಿರಾಟದ ಅಂಕಿಗಳು ಚೆನ್ನಾಗಿ ಸುಧಾರಿಸಿದವು. ಹೃದಯ ಸಂಬಂಧಿ ಸಾವುಗಳು ಮಾತ್ರ ಹೆಚ್ಚಿದವು. ಯಂತ್ರ ಅಳೆಯುತ್ತಿದ್ದ ಅಂಕಿ ಬೇರೆ, ರೋಗಿಗೆ ಬೇಕಾಗಿದ್ದದ್ದು ಬೇರೆ. ಹಾಗಾಗಿ ನೆರವನ್ನು ಹೆಚ್ಚಿಸುವ ತುರ್ತು ಬದಲಾವಣೆಯನ್ನು ಯಂತ್ರಕ್ಕೆ ಬಿಡಲು ನಾನು ಸಿದ್ಧ. ನೆರವನ್ನು ಕಡಿಮೆ ಮಾಡುವುದಕ್ಕೆ ವೈದ್ಯರು ಹಾಕಿದ ಗೆರೆ ಇರಬೇಕು.

ಕೊರೊನಾ ಕಾಲದಲ್ಲಿ ಕೆಲವೇ ವಾರಗಳಲ್ಲಿ ವೆಂಟಿಲೇಟರ್ ಮಾಡಿದರಲ್ಲ, ಅಷ್ಟು ಸುಲಭವೇ?

2020ರಲ್ಲಿ ನಡೆದದ್ದು ನಮ್ಮ ರಾಜ್ಯದ ಎಂಜಿನಿಯರುಗಳು ಹೆಮ್ಮೆ ಪಡುವಂಥದ್ದು. ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸವನ್ನು ಆಧರಿಸಿ, ಡಿಆರ್‌ಡಿಓ ನೆರವಿನೊಂದಿಗೆ ಬೆಂಗಳೂರಿನ ಬಿಇಎಲ್ 30,000 ವೆಂಟಿಲೇಟರ್ ತಯಾರಿಸುವ ಹೊಣೆ ಹೊತ್ತಿತು. ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ದೇಶದೊಳಗೆ ಸಿಗುವ ಬಿಡಿಭಾಗಗಳಿಂದಲೇ ಒಂದು ಮಾದರಿ ಯಂತ್ರವನ್ನು ಕಟ್ಟಿತು. ಅಮೆರಿಕದಲ್ಲಿ ನಾಸಾದ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿ 37 ದಿನಗಳಲ್ಲಿ ವೈಟಲ್ ಎಂಬ ಮಾದರಿಯನ್ನು ರೂಪಿಸಿ, ಅದರ ಪರವಾನಗಿಯನ್ನು ಭಾರತದ ಕಂಪನಿಗಳಿಗೂ ಕೊಟ್ಟಿತು.

ಅದೇ ಹೊತ್ತಿನಲ್ಲಿ ಎಲ್ಲೆಡೆ ಕೈಯಿಂದ ಹಿಸುಕಿ ಉಸಿರು ಕೊಡುವ ಅಂಬು ಚೀಲವನ್ನು ಮೋಟಾರಿನಿಂದ ಹಿಸುಕುವ ಪೆಟ್ಟಿಗೆಗಳೂ ಹುಟ್ಟಿದವು. ಮಾಡಿದವರ ಮನಸ್ಸು ದೊಡ್ಡದು. ಆದರೆ ಸರಳವಾದ ಪೆಟ್ಟಿಗೆಗೆ ರೋಗಿ ಎಳೆಯುತ್ತಿದ್ದಾರೆಯೇ ಎಂದು ತಿಳಿಯುವುದಿಲ್ಲ. ಅದಕ್ಕೆ ಇರುವುದು ಒಂದೇ ಮೋಡ್. ಕೋಪನ್‌ಹೇಗನ್ನಿನ ವಿದ್ಯಾರ್ಥಿಯ ಬೆರಳಿಗೆ ಗೊತ್ತಾಗುತ್ತಿದ್ದದ್ದು ಆ ಮೋಟಾರಿಗೆ ಗೊತ್ತಾಗುವುದಿಲ್ಲ.

ಬೆಂಗಳೂರಿನಲ್ಲಿ ಸರಿಯಾದ ಯಂತ್ರ ಮಂಗಳೂರಿನಲ್ಲೂ ಸರಿಯಿರುತ್ತದೆಯೇ?

ಇರಬೇಕು, ಆದರೆ ತಾನಾಗಿ ಇರುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ವಾಯುಭಾರ ಕರಾವಳಿಗಿಂತ ಸುಮಾರು ಹತ್ತನೆಯ ಒಂದು ಭಾಗ ಕಡಿಮೆ. ಬಿಸಿ ತಂತಿಯ ಹರಿವು ಸೆಂಸರ್ ಅಳೆಯುವುದು ಗಾಳಿಯ ದ್ರವ್ಯರಾಶಿಯನ್ನು. ವಾಯುಭಾರದ ತಿದ್ದುಪಡಿ ಇಲ್ಲದಿದ್ದರೆ ಕರಾವಳಿಯ ಲೆಕ್ಕದ 400 ಮಿಲಿಲೀಟರ್ ಇಲ್ಲಿ 440ರ ಹತ್ತಿರ ಇರುತ್ತದೆ. ಒಳಗೊಂದು ವಾಯುಭಾರದ ಸೆಂಸರ್ ಇಡಿ, ಬೆಲೆ ಅತ್ಯಲ್ಪ.

ಕರೆಂಟ್ ಹೋದರೆ ಯಾವ ಮೋಡ್‌ನಲ್ಲಿ ಮುಂದುವರಿಯಬೇಕು?

ಅದೇ ಮೋಡ್, ಅವೇ ಸೆಟ್ಟಿಂಗ್‌ಗಳು, ಬ್ಯಾಟರಿಯ ಮೇಲೆ. ತಂತ್ರಾಂಶ ಕುಸಿದು ಮರುಚಾಲನೆಯಾದರೂ ಅಷ್ಟೆ. "ರೋಗಿಯನ್ನು ಆಯ್ಕೆ ಮಾಡಿ" ಎಂಬ ಪರದೆ ಆಗ ಬರಬಾರದು.

ಪರೀಕ್ಷೆ ಹೇಗೆ ಮಾಡುವುದು?

ಆರು ಮೋಡ್ ಇದ್ದರೆ ಪರೀಕ್ಷೆಗಳು ಆರಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಗಳು ಮೂವತ್ತು. ಪ್ರತಿ ದಾರಿಯನ್ನೂ ಉಸಿರು ಒಳಹೋಗುವಾಗ, ಹೊರಬರುವಾಗ, ಎರಡರ ನಡುವಿನ ವಿರಾಮದಲ್ಲಿ ಗುಂಡಿ ಒತ್ತಿ ನೋಡಬೇಕು: ತೊಂಬತ್ತಾಯಿತು. ಗಡುಸಾದ ಶ್ವಾಸಕೋಶ, ಸಡಿಲವಾದದ್ದು, ಸೋರುವ ಮಾಸ್ಕ್, ಕೆಮ್ಮು ಎಂದು ಸೇರಿಸುತ್ತಾ ಹೋದರೆ ಕೈಯಿಂದ ಮಾಡಲಾಗದಷ್ಟು ಬೆಳೆಯುತ್ತದೆ. ಪರೀಕ್ಷೆಯನ್ನು ಸ್ವಯಂಚಾಲಿತ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಐಎಸ್‌ಓ 80601-2-12 ಐಸಿಯು ವೆಂಟಿಲೇಟರುಗಳ ಸುರಕ್ಷತೆಯ ಮಾನದಂಡ, ಐಎಸ್‌ಓ 14971 ಅಪಾಯ ನಿರ್ವಹಣೆಯದು, ಐಇಸಿ 62304 ತಂತ್ರಾಂಶದ್ದು. ಮೂರನ್ನೂ ವಿನ್ಯಾಸದ ಮೊದಲ ವಾರವೇ ತೆರೆದಿಟ್ಟುಕೊಳ್ಳಿ.

ಕಾಲೇಜು ಪ್ರಾಜೆಕ್ಟಿಗೆ ವೆಂಟಿಲೇಟರ್ ಮಾಡಿ ಯಾರಾದರೂ ಸ್ನೇಹಿತರ ಮೇಲೆ ಪರೀಕ್ಷಿಸಬಹುದೇ?

ಬೇಡವೇ ಬೇಡ, ಆರೋಗ್ಯವಂತರ ಮೇಲೂ ಬೇಡ. ನಮ್ಮ ದೇಶದ 2017ರ ವೈದ್ಯಕೀಯ ಉಪಕರಣಗಳ ನಿಯಮಗಳಲ್ಲಿ ವೆಂಟಿಲೇಟರ್ ಅಪಾಯ ಹೆಚ್ಚಿರುವ ಉಪಕರಣಗಳ ಸಿ ವರ್ಗಕ್ಕೆ ಸೇರುತ್ತದೆ, ಅನುಮತಿಯಿಲ್ಲದೆ ಮನುಷ್ಯರ ಮೇಲೆ ಬಳಸುವಂತಿಲ್ಲ. ಪರೀಕ್ಷಾ ಶ್ವಾಸಕೋಶ ಒಂದನ್ನು ಎರವಲು ತನ್ನಿ. ಒಂದು ಬ್ಲೋವರ್, ಒಂದು ಒತ್ತಡದ ಸೆಂಸರ್, ಒಂದು ಹರಿವಿನ ಸೆಂಸರ್ ಸಾಕು. ಎರಡೇ ಎರಡು ಮೋಡ್ ಮಾಡಿ, ಸಿಪ್ಯಾಪ್ ಮತ್ತು ಪ್ರೆಶರ್ ಕಂಟ್ರೋಲ್. ಒಂದರಿಂದ ಇನ್ನೊಂದಕ್ಕೆ ಹೋದಾಗಿನ ಮೊದಲ ಉಸಿರಿನ ಗೆರೆಯನ್ನು ಕಾಗದದ ಮೇಲೆ ಮುದ್ರಿಸಿ, ಹತ್ತನೆಯ ಉಸಿರಿನ ಗೆರೆಯ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿ. ಎರಡೂ ಕೂಡಿಕೊಳ್ಳುವವರೆಗೆ ಮೂರನೆಯ ಮೋಡ್ ಸೇರಿಸಬೇಡಿ.